ಕಳ್ಳನೂ ಅವನೇ, ಕಾವಲುಗಾರನೂ ಅವನೇ: ನಮ್ಮ ಕೊಲ್ಲಿಯ ಹುಡುಗ ಜಾಕ್ ಲಂಡನ್

ಬೇ ಏರಿಯಾಗೆ ಬಂದ ಮೊದಲ ತಿಂಗಳು ನಾವೆಲ್ಲ ಮಾಡುವ ಕೆಲಸ ಒಂದೇ. ಸೀನಿಯರ್ ಯಾರದ್ದೋ ಕಾರು ಕೇಳಿಕೊಂಡು ಎಮೆರಿವಿಲ್‌ನ ಐಕಿಯಾಗೆ ಹೋಗಿ ಹಾಸಿಗೆ, ಮೇಜು, ಒಂದು ಬಾಣಲೆ ತರುವುದು. ನಾವು ನಾಲ್ಕು ಜನ ರೂಮ್‌ಮೇಟ್‌ಗಳೂ ಹಾಗೇ ಹೋಗಿದ್ವಿ. ದಾರಿ ಹೇಳ್ತಿದ್ದ ಫೋನು ಕೊನೆಗೆ ಒಂದು ರಸ್ತೆಯ ಹೆಸರು ಹೇಳಿತು, ಶೆಲ್‌ಮೌಂಡ್ ಸ್ಟ್ರೀಟ್. ಅಂದ್ರೆ ಚಿಪ್ಪಿನ ಗುಡ್ಡದ ಬೀದಿ. ನಮ್ಮಲ್ಲಿ ಒಬ್ಬ ಕುಮಟಾ ಕಡೆಯವನು, ಅಘನಾಶಿನಿಯ ದಡದಲ್ಲಿ ಹೆಂಗಸರು ಬಳಚು ಆರಿಸುವುದನ್ನು ನೋಡಿಕೊಂಡೇ ಬೆಳೆದವನು. ಇದೇನು ಕಥೆ ಅಂತ ಮೊದಲು ಕೇಳಿದವನು ಅವನೇ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಸಾವಿರಾರು ವರ್ಷ ಈ ಕೊಲ್ಲಿಯ ದಡದಲ್ಲಿ ಬದುಕಿದ ಒಹ್ಲೋನಿ ಜನ ತಿಂದು ಬಿಟ್ಟ ಸಿಂಪಿ, ಕಪ್ಪೆಚಿಪ್ಪುಗಳೆಲ್ಲ ಸೇರಿ ಗುಡ್ಡಗಳಾಗಿದ್ದವು. ತೀರಿಕೊಂಡ ತಮ್ಮವರನ್ನು ಅವರು ಅಲ್ಲೇ ಮಣ್ಣು ಮಾಡುತ್ತಿದ್ದರು. ನೆಲ್ಸ್ ನೆಲ್ಸನ್ ಎಂಬ ಪುರಾತತ್ವಜ್ಞ 1909ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಕೊಲ್ಲಿಯ ಸುತ್ತ ಇಂಥ 400ಕ್ಕೂ ಹೆಚ್ಚು ಗುಡ್ಡಗಳನ್ನು ಗುರುತಿಸಿದ್ದಾರೆ. ಎಮೆರಿವಿಲ್‌ನ ಗುಡ್ಡ ಸುಮಾರು 60 ಅಡಿ ಎತ್ತರ ಇತ್ತಂತೆ. 1924ರಲ್ಲಿ ಅದನ್ನು ಅಗೆದು ಸಮ ಮಾಡಿದರು. ಈಗ ಅಲ್ಲಿರುವುದು ಬೇ ಸ್ಟ್ರೀಟ್ ಮಾಲ್.

ಇಷ್ಟು ಸಿಂಪಿ ಕೊಟ್ಟ ಕೊಲ್ಲಿಯಲ್ಲಿ ಇವತ್ತು ಒಬ್ಬರೂ ಸಿಂಪಿ ತೆಗೆದು ಮಾರುವುದಿಲ್ಲ. ಯಾಕೆ? ಇದನ್ನು ಹುಡುಕಿಕೊಂಡು ಹೋದಾಗ ನಮಗೆ ಸಿಕ್ಕವನು ಜಾಕ್ ಲಂಡನ್. ನಮಗೆಲ್ಲ ಅವನು ‘ದಿ ಕಾಲ್ ಆಫ್ ದಿ ವೈಲ್ಡ್’ ಎಂಬ ನಾಯಿಯ ಕಥೆ ಬರೆದವನಾಗಿ ಗೊತ್ತು. ಇಲ್ಲದಿದ್ರೆ ಓಕ್ಲ್ಯಾಂಡ್‌ನಲ್ಲಿ ಫೆರ್ರಿ ಹತ್ತುವ ಜಾಕ್ ಲಂಡನ್ ಸ್ಕ್ವೇರ್ ಗೊತ್ತು. ಆದರೆ ಅವನು ಹದಿನೈದನೇ ವಯಸ್ಸಿಗೆ ಇದೇ ಕೊಲ್ಲಿಯಲ್ಲಿ ಸಿಂಪಿ ಕದಿಯುತ್ತಿದ್ದ, ಹದಿನಾರಕ್ಕೆ ಇದೇ ಕೊಲ್ಲಿಯ ಮೀನು ಕಾಯುತ್ತಿದ್ದ ಅನ್ನೋದು ನಮಗೆ ಗೊತ್ತಿರಲಿಲ್ಲ.

ಗಂಟೆಗೆ ಹತ್ತು ಸೆಂಟ್

ಜಾಕ್ ಹುಟ್ಟಿದ್ದು 1876ರ ಜನವರಿ 12ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ತಾಯಿ ಫ್ಲೋರಾ ವೆಲ್‌ಮನ್. ತಂದೆ ಇರಬಹುದು ಅಂತ ಹೇಳಲಾಗುವ ಜ್ಯೋತಿಷಿ ವಿಲಿಯಂ ಚೇನಿ, ಮಗು ತನ್ನದಲ್ಲ ಎಂದು ಕೈ ಝಾಡಿಸಿಬಿಟ್ಟ. ಅದೇ ವರ್ಷ ಫ್ಲೋರಾ ಅಂತರ್ಯುದ್ಧದಲ್ಲಿ ಹೋರಾಡಿ ಬಂದಿದ್ದ ಜಾನ್ ಲಂಡನ್ ಎಂಬುವರನ್ನು ಮದುವೆಯಾದಳು. ಹುಡುಗನಿಗೆ ಹೆಸರು ಬಂದದ್ದು ಅವರಿಂದ. ಎದೆಹಾಲು ಕೊಟ್ಟು ಸಾಕಿದ್ದು ಮಾತ್ರ ಜೆನ್ನಿ ಪ್ರೆಂಟಿಸ್ ಎಂಬ ಕಪ್ಪು ಜನಾಂಗದ ಹೆಂಗಸು. ಗುಲಾಮಗಿರಿಯಲ್ಲಿ ಹುಟ್ಟಿ, ಬಿಡುಗಡೆಯಾಗಿ, ಕ್ಯಾಲಿಫೋರ್ನಿಯಾಗೆ ಬಂದು ಮನೆ ಕಟ್ಟಿಕೊಂಡಿದ್ದ ಆ ತಾಯಿಯ ಋಣ ಜಾಕ್‌ನ ಬದುಕಿನುದ್ದಕ್ಕೂ ಇದೆ.

ಜಾನ್ ಲಂಡನ್ ಒಳ್ಳೆ ಮನುಷ್ಯ, ಆದರೆ ಹಿಡಿದ ಕೆಲಸ ಯಾವುದೂ ಕೈಹತ್ತಲಿಲ್ಲ. ಲಿವರ್ಮೋರ್‌ನಲ್ಲಿ ಕೋಳಿ ಸಾಕಿ ಸೋತು, ಕುಟುಂಬ ಓಕ್ಲ್ಯಾಂಡ್‌ಗೆ ಬಂತು. ಹುಡುಗ ಬೆಳಿಗ್ಗೆ ಪೇಪರ್ ಹಾಕಿದ, ಐಸ್ ಗಾಡಿಯಲ್ಲಿ ದುಡಿದ. ನಡುವೆ ಓಕ್ಲ್ಯಾಂಡ್‌ನ ಸಾರ್ವಜನಿಕ ಗ್ರಂಥಾಲಯ ಸಿಕ್ಕಿತು. ಅಲ್ಲಿನ ಗ್ರಂಥಪಾಲಕಿ ಐನಾ ಕೂಲ್‌ಬ್ರಿತ್ ಈ ಹರಕು ಬಟ್ಟೆಯ ಹುಡುಗನಿಗೆ ಪುಸ್ತಕ ಆರಿಸಿ ಕೊಡುತ್ತಿದ್ದರು. ಮುಂದೆ ಅವರೇ ಕ್ಯಾಲಿಫೋರ್ನಿಯಾದ ಮೊದಲ ರಾಜ್ಯಕವಿಯಾದರು.

ಶಾಲೆ ಎಂಟನೇ ತರಗತಿಗೆ ನಿಂತಿತು. ಜಾಕ್ ತರಕಾರಿ, ಉಪ್ಪಿನಕಾಯಿ ಡಬ್ಬಿಗೆ ತುಂಬುವ ಕಾರ್ಖಾನೆಗೆ ಸೇರಿದ. ಗಂಟೆಗೆ 10 ಸೆಂಟ್. ದಿನಕ್ಕೆ ಹತ್ತು ಗಂಟೆ ಅಂತ ಶುರುವಾದದ್ದು ಕೆಲವು ದಿನ ಹದಿನೆಂಟು ಗಂಟೆಗೂ ಹೋಗುತ್ತಿತ್ತು. ಸಂಬಳವೆಲ್ಲ ಮನೆಗೆ. ಕಾರ್ಖಾನೆಯ ಹತ್ತಿರದಲ್ಲೇ ಹಡಗುಕಟ್ಟೆ, ಅಲ್ಲಿ ಹಾಯಿದೋಣಿಗಳು, ಅವುಗಳಲ್ಲಿ ಬೆಳಗಿನ ಜಾವ ಸಿಂಪಿ ತುಂಬಿಕೊಂಡು ಬರುವ ಜನ. ಒಂದು ರಾತ್ರಿಯಲ್ಲಿ ಅವರು ಗಳಿಸುತ್ತಿದ್ದದ್ದು ಇವನ ವಾರಗಟ್ಟಲೆ ಸಂಬಳ.

ಕೆಸರು ಯಾರದ್ದು?

ಆ ಸಿಂಪಿ ಎಲ್ಲಿಂದ ಬರುತ್ತಿತ್ತು ಅನ್ನೋದನ್ನು ಇಲ್ಲಿ ಸ್ವಲ್ಪ ಹೇಳಬೇಕು.

ಈ ಕೊಲ್ಲಿಯ ಸ್ವಂತ ಸಿಂಪಿ ಚಿಕ್ಕದು, ಎರಡು ಬೆರಳು ಅಗಲ. 1849ರ ಚಿನ್ನದ ಹುಚ್ಚಿನಲ್ಲಿ ಬಂದ ಜನಕ್ಕೆ ಅದು ಸಾಲಲಿಲ್ಲ. ಮೊದಲು ವಾಷಿಂಗ್ಟನ್ ಕಡೆಯ ಅಳಿವೆಗಳಿಂದ ಹಡಗಿನಲ್ಲಿ ತರಿಸಿದರು. 1869ರಲ್ಲಿ ದೇಶದ ಆ ತುದಿಯಿಂದ ಈ ತುದಿಗೆ ರೈಲು ಓಡಿದ ಮೇಲೆ ಅಟ್ಲಾಂಟಿಕ್ ಕಡೆಯ ದೊಡ್ಡ ಸಿಂಪಿಯ ಮರಿಗಳನ್ನು ರೈಲಿನಲ್ಲೇ ತಂದು, ದಕ್ಷಿಣ ಕೊಲ್ಲಿಯ ಕೆಸರಿನಲ್ಲಿ ಬಿತ್ತಿ ಬೆಳೆಸತೊಡಗಿದರು. ನಮ್ಮ ಗದ್ದೆಯ ಹಾಗೇ ಇದೂ ಒಂದು ಬೇಸಾಯ. ಇಲ್ಲಿನ ತಣ್ಣನೆ ನೀರಿನಲ್ಲಿ ಆ ಸಿಂಪಿ ಬೆಳೆಯುತ್ತಿತ್ತು, ಆದರೆ ಸರಿಯಾಗಿ ಮರಿ ಹಾಕುತ್ತಿರಲಿಲ್ಲ. ಹಾಗಾಗಿ ಮತ್ತೆ ಮತ್ತೆ ಹೊಸ ಮರಿ ತರಿಸಲೇಬೇಕು. ತೊರಕೆ ಮೀನು ನುಗ್ಗದ ಹಾಗೆ ಸುತ್ತ ಗೂಟದ ಬೇಲಿ, ಮನುಷ್ಯರು ನುಗ್ಗದ ಹಾಗೆ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಕಾವಲು ಮನೆ. ನಾವು ದಿನಾ ಡಂಬಾರ್ಟನ್ ಸೇತುವೆ, ಸ್ಯಾನ್ ಮಟೇಯೊ ಸೇತುವೆ ದಾಟುವಾಗ ಕಾಣುವ ನೀರಿನ ಕೆಳಗೆ ಆಗ ಹೀಗೆ ಸಿಂಪಿಯ ಹಾಸುಗಳಿದ್ದವು.

ಇಷ್ಟೆಲ್ಲ ಖರ್ಚು ಮಾಡಲು ದುಡ್ಡಿದ್ದವರೇ ಬೇಕು. ಉಬ್ಬರಕ್ಕೆ ಮುಳುಗಿ ಇಳಿತಕ್ಕೆ ತೆರೆದುಕೊಳ್ಳುವ ಕೆಸರು ನೆಲವನ್ನು ರಾಜ್ಯ ಸರ್ಕಾರ ಖಾಸಗಿಯವರಿಗೆ ಮಾರಿತ್ತು. ಕಾಲ ಹೋದ ಹಾಗೆ ಮಾರ್ಗನ್ ಆಯ್ಸ್ಟರ್ ಕಂಪನಿ ಎಂಬ ಒಂದೇ ಸಂಸ್ಥೆ ಉಳಿದವರನ್ನೆಲ್ಲ ಹಿಂದೆ ಹಾಕಿತು. ಒಂದು ಕಾಲಕ್ಕೆ ಯಾರು ಬೇಕಾದರೂ ಇಳಿದು ಚಿಪ್ಪು ಆರಿಸಬಹುದಿದ್ದ ಕೆಸರಿಗೆ ಈಗ ಬೇಲಿ. ಓಕ್ಲ್ಯಾಂಡ್‌ನ ಬಡವರಿಗೆ, ದಡವನ್ನು ಹಿಡಿತದಲ್ಲಿಟ್ಟುಕೊಂಡಿದ್ದ ರೈಲು ಕಂಪನಿಯ ಮೇಲೂ ಸಿಟ್ಟಿತ್ತು, ಸಿಂಪಿ ಕಂಪನಿಯ ಮೇಲೂ ಸಿಟ್ಟಿತ್ತು. ಆದ್ದರಿಂದ ಸಿಂಪಿ ಕದ್ದು ಅಗ್ಗಕ್ಕೆ ಮಾರುವವರನ್ನು ಊರ ಜನ ಕಳ್ಳರು ಅಂತ ದೂರ ಇಡಲಿಲ್ಲ. ಕೊಳ್ಳುವವರು ಕಾದು ನಿಂತು ಕೊಳ್ಳುತ್ತಿದ್ದರು.

ರ್‍ಯಾಜಲ್ ಡ್ಯಾಜಲ್

1891ರಲ್ಲಿ ಫ್ರೆಂಚ್ ಫ್ರ್ಯಾಂಕ್ ಅಂತ ಕರೆಸಿಕೊಳ್ಳುತ್ತಿದ್ದ ಒಬ್ಬ ಸಿಂಪಿಗಳ್ಳ ತನ್ನ ದೋಣಿ ಮಾರುತ್ತಿದ್ದಾನೆ ಅಂತ ಜಾಕ್‌ಗೆ ತಿಳಿಯಿತು. ದೋಣಿಯ ಹೆಸರು ರ್‍ಯಾಜಲ್ ಡ್ಯಾಜಲ್, ಬೆಲೆ 300 ಡಾಲರ್. ಗಂಟೆಗೆ 10 ಸೆಂಟ್ ಲೆಕ್ಕದಲ್ಲಿ ಅದು 3000 ಗಂಟೆಯ ದುಡಿಮೆ. ಜಾಕ್ ಸೀದಾ ಜೆನ್ನಿ ಪ್ರೆಂಟಿಸ್ ಹತ್ತಿರ ಹೋದ. ದಾದಿಯ ಕೆಲಸ ಮಾಡಿ ಕೂಡಿಟ್ಟ ದುಡ್ಡನ್ನು ಆಕೆ ಕೊಟ್ಟಳು. ಯಾತಕ್ಕೆ ಅಂತ ಎಷ್ಟು ಕೇಳಿದಳೋ, ಇವನು ಎಷ್ಟು ಹೇಳಿದನೋ, ಅದು ಅವರಿಬ್ಬರ ನಡುವಿನ ವಿಷಯ.

ಅಲ್ಲಿಂದ ಕೆಲವು ತಿಂಗಳು ಕತ್ತಲೇ ಅವನ ಕೆಲಸದ ಹೊತ್ತು. ಇಳಿತ ಯಾವಾಗ, ಚಂದ್ರ ಎಷ್ಟು ಹೊತ್ತಿಗೆ ಮುಳುಗುತ್ತಾನೆ, ಗಾಳಿ ಯಾವ ಕಡೆಯಿಂದ, ಎಲ್ಲ ಲೆಕ್ಕ ಹಾಕಿ ದಕ್ಷಿಣಕ್ಕೆ ಹೋಗಬೇಕು. ದೋಣಿಯನ್ನು ದೂರ ನಿಲ್ಲಿಸಿ, ಚಿಕ್ಕ ದೋಣಿಯಲ್ಲಿ ಹಾಸಿನ ಹತ್ತಿರ ಹೋಗಿ, ಕೆಸರಿಗಿಳಿದು, ಚಿಪ್ಪಿಗೆ ಕೈ ಕೊಯ್ಸಿಕೊಂಡು, ಗೋಣಿ ತುಂಬಿ, ನೀರು ಏರುವುದರೊಳಗೆ ಹೊರಡಬೇಕು. ಬೆಳಕು ಹರಿಯುವಾಗ ಓಕ್ಲ್ಯಾಂಡ್ ಕಟ್ಟೆಯಲ್ಲಿ ಮಾರಾಟ. ಸಿಕ್ಕಿಬಿದ್ದರೆ ಜೈಲು. ಆದರೆ ಜೈಲಿನಲ್ಲಿ ಕೆಲಸದ ಗಂಟೆ ಕಾರ್ಖಾನೆಗಿಂತ ಕಡಿಮೆ ಎಂಬುದು ಅವನ ಲೆಕ್ಕವಾಗಿತ್ತು. ಹುಡುಗ ದೋಣಿ ನಡೆಸುವುದರಲ್ಲಿ ಎಷ್ಟು ಪಳಗಿದನೆಂದರೆ ಅವನಿಗೆ ಸಿಂಪಿಗಳ್ಳರ ರಾಜಕುಮಾರ ಎಂಬ ಹೆಸರೇ ಬಂತು. ಜೊತೆಗೆ ಕುಡಿತವೂ ಬಂತು. ಹೈನೋಲ್ಡ್ಸ್ ಎಂಬ ಮರದ ಗುಡಿಸಲಿನಂಥ ಬಾರು ಆಗ ಅವನ ಅಡ್ಡಾ. 1906ರ ಭೂಕಂಪಕ್ಕೆ ವಾಲಿದ ನೆಲದ ಸಮೇತ ಆ ಬಾರು ಇವತ್ತೂ ಜಾಕ್ ಲಂಡನ್ ಸ್ಕ್ವೇರ್‌ನಲ್ಲಿ ನಡೀತಿದೆ. ನಾವು ಹೋದಾಗ ಲೋಟ ಮೇಜಿನ ಮೇಲೆ ನಿಲ್ಲುತ್ತೋ ಇಲ್ಲವೋ ಅಂತ ಹಿಡಿದುಕೊಂಡೇ ಕೂತಿದ್ವಿ.

ಕಾವಲಿಗೆ ನಿಂತ ಕಳ್ಳ

ರ್‍ಯಾಜಲ್ ಡ್ಯಾಜಲ್ ಬಹಳ ದಿನ ಉಳಿಯಲಿಲ್ಲ. ದೋಣಿ ಹಾಳಾದ ಮೇಲೆ ಜಾಕ್ ಬೇರೆಯವರ ದೋಣಿಯಲ್ಲಿ ಸ್ವಲ್ಪ ದಿನ ಓಡಾಡಿದ. 1892ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದ ಫಿಷ್ ಪೆಟ್ರೋಲ್, ಅಂದ್ರೆ ಮೀನು ಕಾವಲು ಪಡೆಗೆ ಸಹಾಯಕನಾಗಿ ಸೇರಿದ. ಠಿಕಾಣಿ ಕೊಲ್ಲಿಯ ಉತ್ತರದ ಬೆನಿಷಿಯಾ. ಸಿಂಪಿಯ ಹಾಸು ಖಾಸಗಿ ಆಸ್ತಿ, ಅದಕ್ಕೆ ಕಂಪನಿಯ ಕಾವಲು. ಈಜುವ ಮೀನು, ಸೀಗಡಿ ಎಲ್ಲರ ಆಸ್ತಿ, ಅದಕ್ಕೆ ಸರ್ಕಾರದ ಈ ಪಡೆ. ಸಾಲ್ಮನ್ ಮೀನಿಗೆ ರಜಾ ಹೊತ್ತಿನಲ್ಲಿ ಬಲೆ ಬಿಟ್ಟವರು, ಸಣ್ಣ ಕಣ್ಣಿನ ಬಲೆಯಲ್ಲಿ ಸೀಗಡಿಯ ಜೊತೆ ಮೀನುಮರಿಗಳನ್ನೂ ಬಾಚುವವರು, ಇಂಥವರನ್ನು ಹಿಡಿಯುವುದು ಕೆಲಸ. ಕಳ್ಳರ ದಾರಿಯೆಲ್ಲ ಗೊತ್ತಿದ್ದ ಹುಡುಗ ಅವರಿಗೆ ಅನುಕೂಲಕ್ಕೇ ಬಂದ.

ಕಾನೂನಿನ ಉದ್ದೇಶ ಒಳ್ಳೆಯದೇ. ಮರಿ ಉಳಿದರೆ ತಾನೆ ಮುಂದಿನ ವರ್ಷ ಮೀನು. ಆದರೆ ಸಹಾಯಕರಿಗೆ ಸಂಬಳ ಇರಲಿಲ್ಲ, ವಸೂಲಾದ ದಂಡದಲ್ಲಿ ಅರ್ಧ ಪಾಲು. ಎಂಜಿನಿಯರಿಂಗ್ ಓದಿದ ನಮಗೆ ಇದರ ಡಿಸೈನ್ ತಪ್ಪು ಕೂಡಲೇ ಕಂಡಿತು. ಹಿಡಿದಷ್ಟೂ ಕಾವಲುಗಾರನಿಗೆ ಲಾಭ, ಮೀನು ಹೆಚ್ಚಾದರೆ ಅವನಿಗೆ ಬರುವುದೇನೂ ಇಲ್ಲ. ಹೀಗಿದ್ದಾಗ ಯಾರ ದನಿಗೆ ಬಲ ಇಲ್ಲವೋ ಅವರನ್ನೇ ಹಿಡಿಯುವುದು ಸುಲಭ.

ಆಗ ಬಲ ಇಲ್ಲದವರು ಚೀನಾದಿಂದ ಬಂದ ಸೀಗಡಿ ಬೆಸ್ತರು. 1882ರಲ್ಲೇ ಚೀನೀ ಕೂಲಿಗಳು ಅಮೆರಿಕಕ್ಕೆ ಬರದ ಹಾಗೆ ಕಾನೂನು ಆಗಿತ್ತು. ಸ್ಯಾನ್ ರಫೇಲ್ ಹತ್ತಿರದ ಚೈನಾ ಕ್ಯಾಂಪ್‌ನಲ್ಲಿ 1880ರ ದಶಕದಲ್ಲಿ ಸುಮಾರು 500 ಜನ ಇದ್ದರು. ಸೀಗಡಿ ಹಿಡಿದು, ಬೇಯಿಸಿ, ಗುಡ್ಡದ ಮೇಲೆ ಒಣಗಿಸಿ ಕಳಿಸುತ್ತಿದ್ದರು. ನಮ್ಮ ಕರಾವಳಿಯ ಒಣಸೀಗಡಿಯ ವ್ಯಾಪಾರವೇ ಅದು. ಮುಂದೆ ಒಣಸೀಗಡಿಯ ರಫ್ತನ್ನೂ, 1911ರಲ್ಲಿ ಅವರ ಚೀಲಬಲೆಯನ್ನೂ ನಿಷೇಧಿಸಿದರು. ಊರು ಬರಿದಾಯಿತು. ಈಗ ಅದು ಸ್ಟೇಟ್ ಪಾರ್ಕ್.

ಜಾಕ್ 1905ರಲ್ಲಿ ‘ಟೇಲ್ಸ್ ಆಫ್ ದಿ ಫಿಷ್ ಪೆಟ್ರೋಲ್’ ಎಂಬ ಕಥೆಗಳಲ್ಲಿ ಈ ದಿನಗಳನ್ನು ಬರೆದಿದ್ದಾನೆ. ಗಾಳಿ, ಸೆಳವು, ಹಾಯಿಯ ವರ್ಣನೆ ಓದುತ್ತಾ ಹೋದರೆ ಬಟ್ಟೆ ಒದ್ದೆಯಾದ ಹಾಗಾಗುತ್ತದೆ. ಆದರೆ ಅದರಲ್ಲಿ ಚೀನೀ ಬೆಸ್ತರನ್ನು ಚಿತ್ರಿಸಿರುವ ರೀತಿ ನಮಗೆ ಇಷ್ಟ ಆಗಲಿಲ್ಲ. ಅವರ ಮುಖ, ಮಾತು, ಬಣ್ಣವೇ ಅಪರಾಧ ಅನ್ನೋ ಹಾಗೆ ಬರೆದಿದ್ದಾನೆ. ವೀಸಾ ಸ್ಟಾಂಪ್ ಮೇಲೆ ಬದುಕುವ ನಮಗೆ ಅದು ಚುಚ್ಚದೆ ಇರುವುದಿಲ್ಲ. ಕಪ್ಪು ತಾಯಿಯ ಹಾಲು ಕುಡಿದು ಬೆಳೆದವನು, ಬಡವರ ಪರ ಸಮಾಜವಾದದ ಭಾಷಣ ಮಾಡಿದವನು ಈ ವಿಷಯದಲ್ಲಿ ತನ್ನ ಕಾಲವನ್ನು ದಾಟಲಿಲ್ಲ.

ಇನ್ನೊಂದು ಘಟನೆಯನ್ನು ಅವನೇ ತನ್ನ ಕುಡಿತದ ಕಥೆ ‘ಜಾನ್ ಬಾರ್ಲಿಕಾರ್ನ್’ನಲ್ಲಿ ಹೇಳಿಕೊಂಡಿದ್ದಾನೆ. ಬೆನಿಷಿಯಾದಲ್ಲಿ ಒಂದು ರಾತ್ರಿ ಕುಡಿದ ಅಮಲಿನಲ್ಲಿ ನೀರಿಗೆ ಬಿದ್ದ. ಸೆಳವು ಎಳೆದುಕೊಂಡು ಹೋಯಿತು. ಮೊದಲು ಹೀಗೇ ಹೋಗಿಬಿಡೋಣ ಅನ್ನಿಸಿತಂತೆ. ತಣ್ಣನೆ ನೀರಿಗೆ ಅಮಲು ಇಳಿದ ಮೇಲೆ ಬದುಕುವ ಆಸೆ ಹುಟ್ಟಿತು. ಗಂಟೆಗಟ್ಟಲೆ ತೇಲಿ, ಕೈಸೋತು, ಇನ್ನೇನು ಮುಳುಗಬೇಕು ಅನ್ನುವಾಗ ಒಬ್ಬ ಗ್ರೀಕ್ ಬೆಸ್ತ ಬಂದು ದೋಣಿಗೆ ಎಳೆದುಕೊಂಡ. ಕಾವಲು ಪಡೆಯ ಕಥೆಗಳಲ್ಲಿ ಹಿಡಿಸಿಕೊಳ್ಳುವವರ ಸಾಲಿನಲ್ಲಿ ಗ್ರೀಕ್ ಬೆಸ್ತರೂ ಇದ್ದಾರೆ. ನೀರಿನಲ್ಲಿ ಸಾಯುತ್ತಿದ್ದವನನ್ನು ಎತ್ತಿದ್ದು ಅಂಥ ಒಬ್ಬ ಬೆಸ್ತ.

ನೀರಿನಿಂದ ಪುಸ್ತಕಕ್ಕೆ

1893ರಲ್ಲಿ ಸೀಲ್ ಬೇಟೆಯ ಹಡಗು ಹತ್ತಿ ಜಪಾನ್ ಕಡೆಗೆ ಹೋದ. ವಾಪಸು ಬಂದು ಸೆಣಬಿನ ಗಿರಣಿ ಸೇರಿದರೆ ಅಲ್ಲೂ ಗಂಟೆಗೆ 10 ಸೆಂಟ್. ಜಪಾನ್ ಕರಾವಳಿಯಾಚೆಯ ಬಿರುಗಾಳಿಯ ಬಗ್ಗೆ ಬರೆದ ಲೇಖನಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದು ಮೊದಲ ಬಹುಮಾನ ಅಂತ 25 ಡಾಲರ್ ಕೊಟ್ಟಿತು. 250 ಗಂಟೆಯ ಕೂಲಿ! 1894ರಲ್ಲಿ ಊರೂರು ಅಲೆಯುತ್ತಾ ಬಫೆಲೋ ಹತ್ತಿರ ಅಲೆಮಾರಿ ಎಂಬ ಕಾರಣಕ್ಕೆ 30 ದಿನ ಜೈಲು ನೋಡಿದ. ವಿಚಿತ್ರ ನೋಡಿ, ಸಿಂಪಿ ಕದ್ದಾಗ ಸಿಗದ ಜೈಲು ಕೈ ಖಾಲಿ ಇದ್ದಾಗ ಸಿಕ್ಕಿತು.

ಆಮೇಲೆ ಓದಲೇಬೇಕು ಅಂತ ಹಠ ಹಿಡಿದು, ವಯಸ್ಸಿನಲ್ಲಿ ಚಿಕ್ಕವರ ಜೊತೆ ಹೈಸ್ಕೂಲಿನಲ್ಲಿ ಕೂತು, 1896ರಲ್ಲಿ ಬರ್ಕ್ಲಿ ಸೇರಿದ. ಫೀಸಿಗೆ ಸಾಲ ಕೊಟ್ಟದ್ದು ಆ ಬಾರಿನ ಮಾಲೀಕ ಜಾನ್ ಹೈನೋಲ್ಡ್. ಆದರೂ ದುಡ್ಡಿಲ್ಲದೆ ಒಂದೇ ಸೆಮಿಸ್ಟರಿಗೆ ಬಿಡಬೇಕಾಯಿತು. 1897ರಲ್ಲಿ ಚಿನ್ನ ಹುಡುಕಿಕೊಂಡು ಕ್ಲಾಂಡೈಕ್‌ಗೆ ಹೋದ. ಚಿನ್ನದ ಬದಲು ಸ್ಕರ್ವಿ ಕಾಯಿಲೆ ಮತ್ತು ಕಥೆಗಳನ್ನು ತಂದ. 1903ರಲ್ಲಿ ನಾಯಿಯ ಕಥೆ ಬಂತು, ಹೆಸರು ಲೋಕಕ್ಕೆಲ್ಲ ಹರಡಿತು. ದಿನಕ್ಕೆ 1000 ಪದ ಬರೆಯುವುದು ಅವನ ನೇಮ. ಥೀಸಿಸ್ ಬರೆಯುವ ನಮಗೆ ಇದು ಕೇಳಿದರೇ ಸುಸ್ತು.

ಕೊನೆಯ ವರ್ಷಗಳನ್ನು ಗ್ಲೆನ್ ಎಲೆನ್‌ನ ತೋಟದಲ್ಲಿ ಕಳೆದ. ಹಿಂದಿನವರು ಬರೀ ಬೆಳೆ ತೆಗೆದು ಸತ್ವ ಕಳೆದಿದ್ದ ಜಮೀನು ಅದು. ಏಷ್ಯಾದಲ್ಲಿ ಕಂಡ ಹಾಗೆ ಗುಡ್ಡಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಹಾಕಿಸಿ, ಗೊಬ್ಬರ ಮಣ್ಣಿಗೇ ಹಿಂದಿರುಗಿಸಿ ನೆಲ ಕಟ್ಟಲು ನೋಡಿದ. ಎಲ್ಲ ಕೈಗೂಡಲಿಲ್ಲ. 1916ರ ನವೆಂಬರ್ 22ರಂದು ತೀರಿಕೊಂಡಾಗ ವಯಸ್ಸು ಬರೀ 40.

ಸಿಂಪಿಯನ್ನು ಕೊಂದವರು ಯಾರು?

ಈಗ ಮೊದಲ ಪ್ರಶ್ನೆಗೆ ಬರೋಣ. ಬೇಲಿ ಇತ್ತು, ಕಾವಲು ಇತ್ತು, ಕಾನೂನು ಇತ್ತು. ಹದಿನೈದರ ಹುಡುಗರು ಗೋಣಿಯಲ್ಲಿ ಎಷ್ಟು ಕದ್ದಾರು? 1890ರ ದಶಕದ ಕೊನೆಗೆ ಸಿಂಪಿಯ ಬೆಳೆ ತುಟ್ಟತುದಿ ಮುಟ್ಟಿತ್ತು. ನಂತರದ ಕೆಲವೇ ವರ್ಷಗಳಲ್ಲಿ ಕುಸಿಯತೊಡಗಿತು. ಮರಿಗಳು ಬೆಳೆಯಲಿಲ್ಲ, ಬೆಳೆದವು ಸೊರಗಿದವು.

ಸುತ್ತಲಿನ ಊರುಗಳೆಲ್ಲ ಬೆಳೆದು ತಮ್ಮ ಕೊಳಚೆಯನ್ನು ಹಾಗೇ ಕೊಲ್ಲಿಗೆ ಬಿಡುತ್ತಿದ್ದವು. ಕಾರ್ಖಾನೆಗಳೂ ಅಷ್ಟೇ. ಸಿಯೆರಾ ಬೆಟ್ಟಗಳಲ್ಲಿ ನೀರಿನ ಪಿಚಕಾರಿಯಿಂದ ಗುಡ್ಡ ಕರಗಿಸಿ ಚಿನ್ನ ತೆಗೆದವರ ಹೂಳು, ಪಾದರಸ ಬೇರೆ ನದಿಗುಂಟ ಇಳಿದು ಬಂದಿತ್ತು. 1884ರಲ್ಲಿ ಕೋರ್ಟು ಆ ಗಣಿಗಾರಿಕೆಯನ್ನು ತಡೆದರೂ ಹೂಳು ಇನ್ನೂ ದಶಕಗಳ ಕಾಲ ಬರುತ್ತಲೇ ಇತ್ತು. ಸಿಂಪಿ ಬದುಕುವುದೇ ನೀರನ್ನು ಸೋಸಿ. ನೀರಿನಲ್ಲಿದ್ದದ್ದೆಲ್ಲ ಅದರ ಹೊಟ್ಟೆಗೆ. ತಿಂದವರಿಗೆ ಟೈಫಾಯ್ಡ್ ಬರುತ್ತದೆಂಬ ಭಯ ಹುಟ್ಟಿತು. 1920ರ ದಶಕದಲ್ಲಿ ಮಾರ್ಗನ್ ಕಂಪನಿಯ ಹಾಸುಗಳು ಒಂದು ಸಿಮೆಂಟ್ ಕಂಪನಿಗೆ ಹೋದವು. ಸಿಂಪಿ ಬೆಳೆದ ನೆಲದಿಂದ ಹಳೆ ಚಿಪ್ಪನ್ನು ತೋಡಿ ಸಿಮೆಂಟ್ ಮಾಡಿದರು.

ಕದಿಯುವ ಹುಡುಗನಿಗೆ ಜೈಲಿನ ಶಿಕ್ಷೆ ಬರೆದಿಟ್ಟಿದ್ದ ಕಾಲದಲ್ಲಿ ಕೊಳಚೆ ಬಿಟ್ಟ ಊರನ್ನು ಕೇಳುವವರೇ ಇರಲಿಲ್ಲ. ಈಸ್ಟ್ ಬೇ ಊರುಗಳ ಕೊಳಚೆ ಶುದ್ಧ ಮಾಡುವ ದೊಡ್ಡ ಘಟಕ ಶುರುವಾದದ್ದು 1951ರಲ್ಲಿ. ಕೊಲ್ಲಿಯನ್ನೇ ಮಣ್ಣು ತುಂಬಿ ಮುಚ್ಚುವ ಯೋಜನೆಗಳ ವಿರುದ್ಧ 1961ರಲ್ಲಿ ಬರ್ಕ್ಲಿಯ ಮೂವರು ಹೆಂಗಸರು, ಕೇ ಕೆರ್, ಸಿಲ್ವಿಯಾ ಮೆಕ್‌ಲಾಫ್ಲಿನ್, ಎಸ್ತರ್ ಗುಲಿಕ್, ಜನರನ್ನು ಒಟ್ಟುಗೂಡಿಸಿದರು. ಅದರ ಫಲವಾಗಿ 1965ರಲ್ಲಿ ಕೊಲ್ಲಿಯನ್ನು ಕಾಯುವ ಆಯೋಗ ಬಂತು. 2012ರಲ್ಲಿ ಸ್ಯಾನ್ ರಫೇಲ್ ದಡದಲ್ಲಿ ಖಾಲಿ ಚಿಪ್ಪು ತುಂಬಿದ ಚೀಲಗಳನ್ನು ನೀರಿಗಿಟ್ಟು ನೋಡಿದಾಗ, ಇಲ್ಲಿನ ಆ ಎರಡು ಬೆರಳಗಲದ ಸಿಂಪಿ ತಾನಾಗಿ ಬಂದು ಲಕ್ಷಗಟ್ಟಲೆ ಅಂಟಿಕೊಂಡಿತು.

ನಮ್ಮ ಕುಮಟಾದ ಗೆಳೆಯ ಇದನ್ನೆಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದ. ಅಘನಾಶಿನಿಗೆ ಇನ್ನೂ ಅಣೆಕಟ್ಟಿಲ್ಲ. ಅದರ ಅಳಿವೆಯಲ್ಲಿ ಸಾವಿರಾರು ಜನ ಇಳಿತದ ಹೊತ್ತಿಗೆ ಕೆಸರಿಗಿಳಿದು ಬಳಚು ತೆಗೆದು ಸಂಸಾರ ನಡೆಸುತ್ತಾರೆ. ತದಡಿಗೆ ವಿದ್ಯುತ್ ಸ್ಥಾವರ, ಬಂದರು ಅಂತ ಯೋಜನೆ ಬಂದಾಗಲೆಲ್ಲ ಅವರು ಎದ್ದು ನಿಂತಿದ್ದಾರೆ. 2024ರ ಜನವರಿಯಲ್ಲಿ ಆ ಅಳಿವೆಗೆ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಕಾಯುವುದಕ್ಕೆ ಹೊಸ ನಿಯಮಗಳೂ ಬರಬಹುದು. ಬರಲಿ. ಆದರೆ ಆ ನಿಯಮ ಬುಟ್ಟಿ ಹಿಡಿದು ಇಳಿದ ಹೆಂಗಸನ್ನು ಮೊದಲು ಹಿಡಿಯುತ್ತದೋ, ಮೇಲಿನಿಂದ ಕೊಳಕು ಬಿಡುವವರನ್ನು ಮೊದಲು ಹಿಡಿಯುತ್ತದೋ ಅನ್ನೋದನ್ನು ನೋಡಬೇಕು. ನಮ್ಮಲ್ಲಿ ಎಷ್ಟೋ ಜನ ನಾಳೆ ಇಂಥ ಯೋಜನೆಗಳಿಗೇ ನಕ್ಷೆ ಹಾಕುವವರು.

ಚಳಿಗಾಲದ ಒಂದು ಸಂಜೆ ಇಳಿತದ ಟೈಮ್ ನೋಡಿಕೊಂಡು ನಾವು ಕೊಲ್ಲಿಯ ದಡಕ್ಕೆ ಹೋದ್ವಿ. ಜಾರುವ ಕಲ್ಲುಗಳ ಅಡಿ ಕೈ ಹಾಕಿ ಹುಡುಕಿದಾಗ ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಸಿಂಪಿ ಕಲ್ಲಿಗೆ ಕಚ್ಚಿಕೊಂಡಿತ್ತು. ಗೆಳೆಯ ಅದನ್ನು ಕೀಳಲಿಲ್ಲ, ಬೆರಳಲ್ಲಿ ಮುಟ್ಟಿದ ಅಷ್ಟೆ. ಈ ನೀರಿನ ಚಿಪ್ಪನ್ನು ಇವತ್ತಿಗೂ ಧೈರ್ಯವಾಗಿ ತಿನ್ನುವ ಹಾಗಿಲ್ಲ. ರಾತ್ರಿ ಅವನು ಊರಿಗೆ ಫೋನ್ ಮಾಡಿ, ಈ ಸಲ ಬಳಚು ಹೇಗಿದೆ ಅಂತ ಅಮ್ಮನನ್ನು ಕೇಳ್ತಿದ್ದ.